ಮೆಕೆಲ್ ಚೀಲದ ಉರಿಯೂತ: ಮಕ್ಕಳ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಕಾಣುವುದೇನು?

ಮಗುವಿಗೆ ಹೊಟ್ಟೆಯ ಬಲಭಾಗದ ಕೆಳಗೆ ನೋವು, ಜತೆಗೆ ವಾಂತಿ, ಜ್ವರ ಬಂದರೆ ಮನೆಯವರಿಗೂ ವೈದ್ಯರಿಗೂ ಮೊದಲು ಬರುವ ಅನುಮಾನ ಅಪೆಂಡಿಕ್ಸ್‌ನದು. ಬಹಳಷ್ಟು ಸಲ ಆ ಅನುಮಾನ ಸರಿಯಾಗಿಯೇ ಇರುತ್ತದೆ. ಆದರೆ ಅದೇ ಜಾಗದಲ್ಲಿ, ಅದೇ ಲಕ್ಷಣಗಳನ್ನು ತೋರಿಸಿ ಅಪೆಂಡಿಕ್ಸ್‌ನ ವೇಷ ಹಾಕುವ ಇನ್ನೊಂದು ತೊಂದರೆ ಇದೆ. ಅದು ಸಣ್ಣ ಕರುಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದ ಒಂದು ಪುಟ್ಟ ಚೀಲ. ವೈದ್ಯರು ಇದನ್ನು ಮೆಕೆಲ್ ಡೈವರ್ಟಿಕ್ಯುಲಂ ಎನ್ನುತ್ತಾರೆ. ಈ ಚೀಲ ಇರುವ ಹೆಚ್ಚಿನವರಿಗೆ ಅದು ಇರುವುದೇ ಜೀವನಪೂರ್ತಿ ತಿಳಿಯುವುದಿಲ್ಲ. ಕೆಲವರಲ್ಲಿ ಮಾತ್ರ ಅದು ರಕ್ತ ಸುರಿಸುತ್ತದೆ, ಕರುಳನ್ನು ಕಟ್ಟಿಹಾಕುತ್ತದೆ, ಇಲ್ಲವೇ ಉರಿಯೂತಕ್ಕೆ ಒಳಗಾಗಿ ಒಡೆದುಹೋಗುತ್ತದೆ. ಉರಿಯೂತಗೊಂಡ ಚೀಲವನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡಲು ಸಾಧ್ಯವಿದೆ. ಆದರೆ ನೋಡುವವರ ಮನಸ್ಸಿನಲ್ಲಿ ಅದರ ಹೆಸರು ಇರಬೇಕು, ಅಷ್ಟೇ.

ಚೀಲ ಬಂದದ್ದು ಎಲ್ಲಿಂದ?

ತಾಯಿಯ ಗರ್ಭದಲ್ಲಿ ಮಗು ಬೆಳೆಯುವ ಮೊದಲ ವಾರಗಳಲ್ಲಿ ಅದರ ಕರುಳು ಯೋಕ್ ಸ್ಯಾಕ್ ಎಂಬ ಚೀಲದೊಂದಿಗೆ ಒಂದು ಸಣ್ಣ ನಾಳದ ಮೂಲಕ ಸೇರಿಕೊಂಡಿರುತ್ತದೆ. ಈ ವಿಟೆಲೈನ್ ನಾಳ ಹೊಕ್ಕುಳಿನ ಮೂಲಕವೇ ಹಾದುಹೋಗುತ್ತದೆ. ಸುಮಾರು ಏಳೆಂಟು ವಾರ ಆಗುವ ಹೊತ್ತಿಗೆ ಅದರ ಕೆಲಸ ಮುಗಿದು, ಅದು ಮುಚ್ಚಿ ಕರಗಿಹೋಗಬೇಕು. ಹಾಗಾಗದೆ ಕರುಳಿನ ಬದಿಯ ತುಂಡು ಉಳಿದರೆ ಅದೇ ಮೆಕೆಲ್ ಚೀಲ. ನಾಳ ಪೂರ್ತಿ ತೆರೆದೇ ಉಳಿದ ಶಿಶುಗಳೂ ಉಂಟು. ಅಂಥವರಲ್ಲಿ ಹೊಕ್ಕುಳಿನಿಂದ ಕರುಳಿನ ನೀರು, ಕೆಲವೊಮ್ಮೆ ಮಲವೇ ಸೋರುತ್ತದೆ. ಇನ್ನು ಕೆಲವರಲ್ಲಿ ಹೊಕ್ಕುಳಿಗೂ ಕರುಳಿಗೂ ನಡುವೆ ದಾರದಂಥ ನಾರು ಮಾತ್ರ ಉಳಿದು, ಮುಂದೆ ಎಂದಾದರೂ ಕರುಳು ಅದಕ್ಕೆ ಸುತ್ತಿಕೊಳ್ಳುವ ಅಪಾಯ ಇರುತ್ತದೆ.

ಇಂಥ ಚೀಲವನ್ನು 1598ರಲ್ಲೇ ಫ್ಯಾಬ್ರಿಸಿಯಸ್ ಹಿಲ್ಡಾನಸ್ ಎಂಬ ಶಸ್ತ್ರವೈದ್ಯ ಗುರುತಿಸಿದ್ದ. ಆದರೆ ಅದು ಭ್ರೂಣದ ನಾಳದ ಉಳಿಕೆ ಎಂದು 1809ರಲ್ಲಿ ವಿವರಿಸಿದವನು ಜರ್ಮನಿಯ ಹಾಲೆ ಪಟ್ಟಣದ ಅಂಗರಚನಾ ತಜ್ಞ ಯೋಹಾನ್ ಫ್ರೆಡ್ರಿಕ್ ಮೆಕೆಲ್. ಅವನ ತಂದೆ, ಅಜ್ಜ ಇಬ್ಬರೂ ಅದೇ ಕಸುಬಿನವರು. ಹೆಸರು ಉಳಿದದ್ದು ಮೊಮ್ಮಗನದು.

ವೈದ್ಯ ವಿದ್ಯಾರ್ಥಿಗಳು ಇದನ್ನು ‘ಎರಡರ ಲೆಕ್ಕ’ದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ನೂರರಲ್ಲಿ ಸುಮಾರು 2 ಮಂದಿಗೆ ಈ ಚೀಲ ಇರುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಾಗಿಲಿನಿಂದ ಸುಮಾರು 2 ಅಡಿ ಹಿಂದೆ, ಸುಮಾರು 2 ಅಂಗುಲ ಉದ್ದಕ್ಕೆ ಇರುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ 2 ವರ್ಷದ ಒಳಗೆ. ಗಂಡುಮಕ್ಕಳಲ್ಲಿ ತೊಂದರೆ ಹೆಣ್ಣುಮಕ್ಕಳಿಗಿಂತ ಸುಮಾರು 2 ಪಟ್ಟು. ಚೀಲದೊಳಗೆ ದಾರಿತಪ್ಪಿ ಬಂದು ಕುಳಿತಿರಬಹುದಾದ ಅಂಗಾಂಶಗಳೂ ಮುಖ್ಯವಾಗಿ 2, ಜಠರದ್ದು ಮತ್ತು ಮೇದೋಜೀರಕದ್ದು. ಪರೀಕ್ಷೆಗೆ ಓದಲು ಇದು ಚೆನ್ನಾಗಿದೆ, ಆದರೆ ಮಗುವಿನ ಹೊಟ್ಟೆ ಲೆಕ್ಕದಂತೆ ನಡೆಯುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಆ ದೂರ 2 ಅಡಿಗಿಂತ ಕಡಿಮೆ. ಉರಿಯೂತವಂತೂ ರಕ್ತಸ್ರಾವಕ್ಕಿಂತ ದೊಡ್ಡ ಮಕ್ಕಳಲ್ಲಿ, ಶಾಲೆಗೆ ಹೋಗುವ ವಯಸ್ಸಿನವರಲ್ಲಿ, ದೊಡ್ಡವರಲ್ಲೂ ಕಾಣಿಸಿಕೊಳ್ಳುತ್ತದೆ.

ಉರಿಯೂತ ಏಕೆ ಆಗುತ್ತದೆ?

ಅಪೆಂಡಿಕ್ಸ್‌ನಂತೆಯೇ ಇದೂ ಒಂದು ತುದಿ ಮುಚ್ಚಿದ ಕೊಳವೆ. ಒಂದೇ ಬಾಗಿಲು. ಆ ಬಾಗಿಲು ಅಗಲವಾಗಿದ್ದರೆ ಒಳಗೆ ಹೋದದ್ದು ಹೊರಗೆ ಬರುತ್ತದೆ. ಕಿರಿದಾಗಿದ್ದರೆ ಆಹಾರದ ಚೂರು, ಗಟ್ಟಿಯಾದ ಕಲ್ಲಿನಂಥ ಉಂಡೆ, ಕೆಲವೊಮ್ಮೆ ನುಂಗಿದ ಮೀನಿನ ಮುಳ್ಳು ಕೂಡ ಅಲ್ಲಿ ಸಿಕ್ಕಿಬೀಳುತ್ತದೆ. ಒಳಗೆ ದ್ರವ ತುಂಬಿ, ರೋಗಾಣು ಬೆಳೆದು, ಗೋಡೆ ಊದಿಕೊಳ್ಳುತ್ತದೆ. ಚೀಲದೊಳಗೆ ಜಠರದ ಅಂಗಾಂಶ ಇದ್ದರೆ ಅದು ಆಮ್ಲ ಸುರಿಸಿ ಪಕ್ಕದ ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಚಿಕ್ಕ ಮಕ್ಕಳಲ್ಲಿ ನೋವಿಲ್ಲದೆ ಮಲದ್ವಾರದಿಂದ ಇಟ್ಟಿಗೆ ಬಣ್ಣದ ರಕ್ತ ಹೋಗಲು ಇದೇ ಕಾರಣ. ಚೀಲವು ತನ್ನ ಬುಡದಲ್ಲೇ ತಿರುಚಿಕೊಂಡು ರಕ್ತ ಸಿಗದೆ ಕೊಳೆಯುವುದೂ ಉಂಟು.

ಯಾವ ಕಾರಣದಿಂದಲೇ ಆಗಲಿ, ತಡವಾದರೆ ಕೊನೆ ಒಂದೇ. ಗೋಡೆ ತೂತಾಗಿ ಕೀವು ಹೊಟ್ಟೆಯೊಳಗೆ ಹರಡುತ್ತದೆ. ಚಿಕ್ಕ ಮಗುವಿಗೆ ‘ಇಲ್ಲೇ ನೋವು’ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಎಲ್ಲಿ ನೋವು ಎಂದರೆ ಹೊಕ್ಕುಳು ತೋರಿಸುತ್ತದೆ. ‘ಹೊಕ್ಕುಳು ಜಾರಿದೆ’ ಎಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು, ಹೊಟ್ಟೆ ಶುದ್ಧಿಯಾಗಲೆಂದು ಹರಳೆಣ್ಣೆ ಕುಡಿಸುವುದು ಇಂಥ ಹೊತ್ತಿನಲ್ಲಿ ನಿಜಕ್ಕೂ ಅಪಾಯ. ಊದಿಕೊಂಡ ಕರುಳಿನ ಮೇಲೆ ಒತ್ತಡ ಬೀಳುತ್ತದೆ, ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಮನೆಯಲ್ಲಿ ಕಳೆದುಹೋಗುತ್ತದೆ.

ಶಬ್ದದಿಂದ ಚಿತ್ರ

ಮನುಷ್ಯರ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಶಬ್ದ. ಅಲ್ಟ್ರಾಸೌಂಡ್ ಯಂತ್ರ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನದ ಶಬ್ದ. ಹತ್ತು ಲಕ್ಷ ಕಂಪನಕ್ಕೆ ಒಂದು ಮೆಗಾಹರ್ಟ್ಸ್ ಎಂದು ಹೆಸರು. ಕೈಯಲ್ಲಿ ಹಿಡಿಯುವ ಪ್ರೋಬ್ ಈ ಶಬ್ದವನ್ನು ಹೊಟ್ಟೆಯೊಳಗೆ ಕಳಿಸಿ, ಅಂಗಗಳಿಗೆ ತಾಗಿ ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿದು ಪರದೆಯ ಮೇಲೆ ಕಪ್ಪು ಬಿಳಿ ಚಿತ್ರವಾಗಿ ತೋರಿಸುತ್ತದೆ. ದ್ರವ ಕಪ್ಪಾಗಿ ಕಾಣುತ್ತದೆ, ಕಲ್ಲು ಬೆಳ್ಳಗೆ ಹೊಳೆದು ಹಿಂದೆ ನೆರಳು ಬೀಳಿಸುತ್ತದೆ. ಗಾಳಿ ಇದ್ದಲ್ಲಿ ಶಬ್ದ ಮುಂದೆ ಹೋಗುವುದಿಲ್ಲ. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯದಿರಲಿ ಎಂದೇ ತಣ್ಣನೆಯ ಜೆಲ್ ಹಚ್ಚುವುದು. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಹೊಟ್ಟೆಯ ಗಡ್ಡೆಗಳನ್ನು ಶಬ್ದದಿಂದ ನೋಡುವ ಬಗೆಗೇ ಇತ್ತು. ಗರ್ಭಿಣಿಯರ ಸ್ಕ್ಯಾನಿಂಗ್ ಎಂದು ಇದು ಮನೆಮಾತಾದದ್ದು ಆಮೇಲೆ.

ಮಕ್ಕಳಿಗೆ ಈ ಪರೀಕ್ಷೆ ಹೇಳಿ ಮಾಡಿಸಿದಂತಿದೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ದಪ್ಪ ಹೊಟ್ಟೆಯ ದೊಡ್ಡವರಿಗೆ 3ರಿಂದ 5 ಮೆಗಾಹರ್ಟ್ಸ್‌ನ ಪ್ರೋಬ್ ಬೇಕಾಗುತ್ತದೆ. ತೆಳ್ಳಗಿನ ಮಗುವಿನ ಕರುಳು ಚರ್ಮದಿಂದ ಕೆಲವೇ ಸೆಂಟಿಮೀಟರ್ ಒಳಗಿರುವುದರಿಂದ 7ರಿಂದ 12, ಅದಕ್ಕೂ ಹೆಚ್ಚಿನ ಮೆಗಾಹರ್ಟ್ಸ್‌ನ ಚಪ್ಪಟೆ ಪ್ರೋಬ್ ಸಾಕು. ಅದರಲ್ಲಿ ಕರುಳಿನ ಗೋಡೆಯ ಪದರಗಳನ್ನೇ ಎಣಿಸಬಹುದು. ಸಿಟಿ ಸ್ಕ್ಯಾನ್‌ನಂತೆ ವಿಕಿರಣ ಇಲ್ಲ. ಬೆಳೆಯುವ ಮಕ್ಕಳಿಗೆ ವಿಕಿರಣ ಆದಷ್ಟು ಕಡಿಮೆ ಇರಲಿ ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ಅರಿವಳಿಕೆ ಬೇಡ, ಸೂಜಿ ಬೇಡ, ಅಮ್ಮನ ಮಡಿಲಲ್ಲೇ ಮಗುವನ್ನು ಮಲಗಿಸಿ ನೋಡಬಹುದು.

ಹುಡುಕುವ ಬಗೆ

ಕರುಳಿನಲ್ಲಿ ಸದಾ ಗಾಳಿ ಇರುತ್ತದೆ. ಹಾಗಾಗಿ ಕರುಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಲಾಗದು ಎಂಬ ಮಾತು ಬಹಳ ಕಾಲ ಇತ್ತು. 1986ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೂಲಿಯನ್ ಪೈಲಾರ್ಟ್ ಎಂಬ ರೇಡಿಯಾಲಜಿ ವೈದ್ಯರು ಒಂದು ಸರಳ ಉಪಾಯ ಪ್ರಕಟಿಸಿದರು. ಪ್ರೋಬ್‌ನಿಂದ ಹೊಟ್ಟೆಯನ್ನು ನಿಧಾನವಾಗಿ, ಹಂತ ಹಂತವಾಗಿ ಒತ್ತುತ್ತ ಹೋಗುವುದು. ಒತ್ತಿದಾಗ ಆರೋಗ್ಯವಂತ ಕರುಳು ಅಪ್ಪಚ್ಚಿಯಾಗಿ, ಒಳಗಿನ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಉರಿಯೂತಗೊಂಡ ಕೊಳವೆ ಗಟ್ಟಿಯಾಗಿರುವುದರಿಂದ ಜಗ್ಗುವುದಿಲ್ಲ, ಒತ್ತಿದರೂ ಗುಂಡಗೇ ನಿಲ್ಲುತ್ತದೆ. ಅವರು ಇದನ್ನು ಅಪೆಂಡಿಕ್ಸ್‌ಗಾಗಿ ಹೇಳಿದ್ದು. ಮೆಕೆಲ್ ಚೀಲಕ್ಕೂ ಇದೇ ದಾರಿ.

ಉರಿಯೂತಗೊಂಡ ಚೀಲ ಪರದೆಯಲ್ಲಿ ಹೀಗೆ ಕಾಣುತ್ತದೆ. ಉದ್ದಕ್ಕೆ ನೋಡಿದರೆ ಒಂದು ತುದಿ ಮುಚ್ಚಿದ ದಪ್ಪ ಗೋಡೆಯ ಕೊಳವೆ, ಅಡ್ಡಕ್ಕೆ ನೋಡಿದರೆ ನಡುವೆ ಕಪ್ಪು ದ್ರವ ಇರುವ ಉದ್ದಿನವಡೆಯಂಥ ಬಳೆ. ಕೆಲವೊಮ್ಮೆ ಬರೀ ನೀರು ತುಂಬಿದ ಗುಳ್ಳೆಯಂತೆಯೂ ಕಾಣಬಹುದು. ಗೋಡೆಯಲ್ಲಿ ಕರುಳಿನ ಗುರುತಾದ ಬಿಳಿ ಕಪ್ಪು ಪದರಗಳು ಇರುತ್ತವೆ, ಆದರೆ ಅಲ್ಲಲ್ಲಿ ಅಳಿಸಿಹೋಗಿರುತ್ತವೆ, ಒಳಮೈ ಏರುಪೇರಾಗಿರುತ್ತದೆ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಗೋಡೆಯಲ್ಲಿ ಕೆಂಪು ನೀಲಿ ಚುಕ್ಕೆ ತುಂಬಿಕೊಳ್ಳುತ್ತವೆ. ಉರಿಯೂತ ಇರುವಲ್ಲಿ ರಕ್ತದ ಓಡಾಟ ಹೆಚ್ಚು. ಆದರೆ ಚೀಲ ತಿರುಚಿಕೊಂಡಿದ್ದರೆ ಅಥವಾ ಕೊಳೆತಿದ್ದರೆ ಬಣ್ಣವೇ ಕಾಣದೆಯೂ ಇರಬಹುದು, ಅದು ಇನ್ನೂ ಕೆಟ್ಟ ಸೂಚನೆ. ಸುತ್ತಲಿನ ಕೊಬ್ಬು ಊದಿ ಬೆಳ್ಳಗಾಗಿರುತ್ತದೆ. ಅನುಭವ ಇರುವ ರೇಡಿಯಾಲಜಿಸ್ಟರು ಮೊದಲು ಗಮನಿಸುವುದು ಈ ಬೆಳ್ಳಗಿನ ಕೊಬ್ಬನ್ನೇ. ಹೊಗೆ ಕಂಡಲ್ಲಿ ಬೆಂಕಿ ಹುಡುಕಿದ ಹಾಗೆ, ಕೊಬ್ಬು ಬೆಳ್ಳಗಾದ ಕಡೆ ಪ್ರೋಬ್ ನಿಲ್ಲಿಸಿ ನಡುವೆ ಏನಿದೆ ಎಂದು ನೋಡುತ್ತಾರೆ.

ಇಷ್ಟೆಲ್ಲ ಅಪೆಂಡಿಕ್ಸ್ ಉರಿಯೂತದಲ್ಲೂ ಇರುತ್ತದೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಕೊಳವೆಯ ಬುಡ ಎಲ್ಲಿದೆ ಎಂಬುದರಿಂದ. ಅಪೆಂಡಿಕ್ಸ್ ಹುಟ್ಟುವುದು ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಂನಿಂದ. ಮೆಕೆಲ್ ಚೀಲ ಹುಟ್ಟುವುದು ಸಣ್ಣ ಕರುಳಿನಿಂದ. ಪ್ರೋಬ್ ಹಿಡಿದು ಕೊಳವೆಯ ಜಾಡನ್ನೇ ಹಿಡಿದು ಹೋದರೆ ಅದು ಅಲುಗಾಡುತ್ತಿರುವ ಸಣ್ಣ ಕರುಳಿಗೆ ಸೇರುವುದು ಕಾಣಬೇಕು. ಚೀಲ ಹೆಚ್ಚಾಗಿ ಅಪೆಂಡಿಕ್ಸ್‌ಗಿಂತ ದಪ್ಪ. ಜಾಗ ಹೊಟ್ಟೆಯ ಬಲ ಮೂಲೆಗಿಂತ ಹೊಕ್ಕುಳಿನ ಸುತ್ತ ಅಥವಾ ಅದರ ಕೆಳಗೆ ಇರುವುದೇ ಹೆಚ್ಚು, ಎಡಕ್ಕೂ ಸರಿದಿರಬಹುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಆರೋಗ್ಯವಾದ ಅಪೆಂಡಿಕ್ಸ್ ಬೇರೆಯಾಗಿ ಕಾಣುವುದು. 6 ಮಿಲಿಮೀಟರ್‌ಗಿಂತ ಕಡಿಮೆ ದಪ್ಪದ, ಒತ್ತಿದರೆ ಬಗ್ಗುವ ಅಪೆಂಡಿಕ್ಸ್ ಒಂದು ಕಡೆ, ಊದಿದ ಇನ್ನೊಂದು ಕೊಳವೆ ಇನ್ನೊಂದು ಕಡೆ ಇದ್ದರೆ ಎರಡನೆಯದು ಮೆಕೆಲ್ ಚೀಲ ಎಂಬ ಅನುಮಾನ ಬಲವಾಗುತ್ತದೆ.

ಹುಟ್ಟಿನಿಂದಲೇ ಬರುವ ಇನ್ನೊಂದು ದೋಷ ಕರುಳಿನ ಜೋಡಿ ಗುಳ್ಳೆ, ಡೂಪ್ಲಿಕೇಶನ್ ಸಿಸ್ಟ್. ಅದರ ಗೋಡೆಯಲ್ಲೂ ಪದರಗಳಿರುತ್ತವೆ. ಆದರೆ ಅದು ಸಾಮಾನ್ಯವಾಗಿ ನುಣುಪಾಗಿ ದುಂಡಗಿದ್ದು, ಕರುಳಿಗೆ ರಕ್ತನಾಳ ಬರುವ ಬದಿಯಲ್ಲಿ ಕುಳಿತಿರುತ್ತದೆ. ಮೆಕೆಲ್ ಚೀಲ ಅದರ ಎದುರು ಬದಿಯಲ್ಲಿ. ಸೋಂಕಾದಾಗ ಎರಡನ್ನೂ ಬೇರ್ಪಡಿಸುವುದು ಕಷ್ಟ. ಎರಡಕ್ಕೂ ಶಸ್ತ್ರಕ್ರಿಯೆಯೇ ದಾರಿ ಆದ್ದರಿಂದ ಆ ಗೊಂದಲದಿಂದ ಮಗುವಿಗೆ ಹೆಚ್ಚು ನಷ್ಟವಿಲ್ಲ.

ಕರುಳಿನೊಳಗೆ ಕರುಳು ನುಗ್ಗಿ ಸಿಕ್ಕಿಕೊಳ್ಳುವ ಇಂಟಸಸೆಪ್ಶನ್ ಎಂಬ ತುರ್ತು ತೊಂದರೆಯ ಹಿಂದೆಯೂ ಈ ಚೀಲ ಇರಬಹುದು. ಅಡ್ಡ ನೋಟದಲ್ಲಿ ಅದು ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಂತೆ ಬಳೆ ಬಳೆಯಾಗಿ ಕಾಣುತ್ತದೆ. ಇದು ಹೆಚ್ಚಾಗಿ ಆಗುವುದು ಒಂದು ವರ್ಷದ ಒಳಗಿನ ಶಿಶುಗಳಲ್ಲಿ, ಅಲ್ಲಿ ಚೀಲದ ಪಾತ್ರ ಅಪರೂಪ. ಮೂರು ವರ್ಷ ದಾಟಿದ ಮಗುವಿಗೆ ಆದರೆ, ಅಥವಾ ಗಾಳಿ ಇಲ್ಲವೇ ನೀರು ಹಾಯಿಸಿ ಬಿಡಿಸಿದ ಮೇಲೂ ಮತ್ತೆ ಮತ್ತೆ ಆದರೆ, ಒಳಗೆ ಎಳೆದುಕೊಂಡು ಹೋದ ಮುಂದಾಳು ಮೆಕೆಲ್ ಚೀಲವೇ ಎಂದು ಹುಡುಕಬೇಕು.

ವರದಿಯ ಎರಡು ಸಾಲು

ಗಡಿಭಾಗದ ಮನೆಗಳಲ್ಲಿ ಇದೊಂದು ಪ್ರತ್ಯೇಕ ತಾಪತ್ರಯ. ಮನೆಯ ಮಾತು ಕನ್ನಡ, ಕಾಸರಗೋಡಿನಲ್ಲಿ ಡಾಕ್ಟರ ಮಾತು ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ, ಸ್ಕ್ಯಾನಿಂಗ್ ವರದಿ ಮಾತ್ರ ಎಲ್ಲ ಕಡೆಯೂ ಇಂಗ್ಲಿಷ್. ಮಗುವಿನ ನೋವು ಯಾವಾಗ ಶುರುವಾಯಿತು, ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಸರಿಯಿತು, ಮಲದಲ್ಲಿ ರಕ್ತ ಕಂಡಿತೇ, ವಾಂತಿ ಹಸಿರು ಬಣ್ಣದ್ದೇ ಎಂಬಷ್ಟನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಮಾತಿನ ಅಡ್ಡಿ ಅರ್ಧ ಕಳೆಯುತ್ತದೆ. ಸ್ಕ್ಯಾನ್ ಮಾಡುವವರಿಗೂ ಎಲ್ಲಿ ನೋಡಬೇಕು ಎಂಬುದಕ್ಕೆ ಅದೇ ದಾರಿ.

ವರದಿಯಲ್ಲಿ ಗಮನಿಸಬೇಕಾದದ್ದು ಒಂದು ಸಣ್ಣ ವ್ಯತ್ಯಾಸ. ‘ಅಪೆಂಡಿಕ್ಸ್ ನಾರ್ಮಲ್’ ಎಂದರೆ ಅದನ್ನು ಕಂಡರು, ಅದು ಸರಿಯಾಗಿದೆ ಎಂದರ್ಥ. ‘ಅಪೆಂಡಿಕ್ಸ್ ನಾಟ್ ವಿಶುವಲೈಸ್ಡ್’ ಎಂದರೆ ಅದು ಕಾಣಲೇ ಇಲ್ಲ ಎಂದಷ್ಟೇ, ಸರಿಯಾಗಿದೆ ಎಂದಲ್ಲ. ಬಹಳ ಮನೆಯವರು ಎರಡನ್ನೂ ಒಂದೇ ಎಂದು ತಿಳಿದು ನೆಮ್ಮದಿಯಿಂದ ಊರಿಗೆ ಮರಳುತ್ತಾರೆ. ಇನ್ನು ‘ನಾರ್ಮಲ್’ ಎಂದೇ ಬಂದಿದ್ದರೂ ಮಗುವಿನ ನೋವು ಕಡಿಮೆಯಾಗದೆ ಜ್ವರ ಏರುತ್ತಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಬಾರದು. ಮೆಕೆಲ್ ಚೀಲ ತಪ್ಪಿಹೋಗುವುದು ಈ ಘಟ್ಟದಲ್ಲೇ. ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವಿಕಿರಣ ಇಲ್ಲದ್ದರಿಂದ ಎರಡನೆಯ ಸಲ ನೋಡಿದರೆ ಹಾನಿಯಿಲ್ಲ. ಮೊದಲ ಸಲ ಗಾಳಿಯ ಮರೆಯಲ್ಲಿದ್ದದ್ದು ಎರಡನೆಯ ಸಲ ಸಿಕ್ಕೀತು.

‘ನಾನ್ ಕಂಪ್ರೆಸಿಬಲ್’ ಎಂದರೆ ಒತ್ತಿದರೆ ಜಗ್ಗದ್ದು. ‘ಬ್ಲೈಂಡ್ ಎಂಡಿಂಗ್’ ಎಂದರೆ ಒಂದು ತುದಿ ಮುಚ್ಚಿದ್ದು. ‘ಪ್ರೋಬ್ ಟೆಂಡರ್‌ನೆಸ್’ ಎಂದರೆ ಪ್ರೋಬ್ ಒತ್ತಿದ ಜಾಗದಲ್ಲೇ ನೋವು. ‘ಮೆಸೆಂಟೆರಿಕ್ ನೋಡ್ಸ್’ ಎಂದರೆ ಕರುಳಿನ ಪಕ್ಕದ ದುಗ್ಧಗ್ರಂಥಿಗಳು. ಅವು ಊದಿಕೊಳ್ಳುವುದು ಮಕ್ಕಳಲ್ಲಿ ತೀರಾ ಸಾಮಾನ್ಯ, ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಆದರೆ ಬೇರೆ ಕಾರಣ ಹುಡುಕದೆ ಎಲ್ಲ ಹೊಟ್ಟೆನೋವನ್ನೂ ಗ್ರಂಥಿಯ ಲೆಕ್ಕಕ್ಕೆ ಬರೆದುಬಿಡುವುದು ಸರಿಯಲ್ಲ. ಟೈಫಾಯ್ಡ್, ಕರುಳಿನ ಕ್ಷಯ, ಕ್ರೋನ್ಸ್ ಕಾಯಿಲೆಗಳಲ್ಲಿ ಸಣ್ಣ ಕರುಳಿನ ಕೊನೆಯ ಭಾಗವೇ ದಪ್ಪವಾಗುತ್ತದೆ, ಚೀಲ ಇರುವುದಿಲ್ಲ. ಹುಡುಗಿಯರಲ್ಲಿ ಅಂಡಾಶಯ ತಿರುಚಿಕೊಂಡಿದೆಯೇ ಎಂದೂ, ಹುಡುಗರಲ್ಲಿ ವೃಷಣವನ್ನೂ ನೋಡಲೇಬೇಕು. ನಾಚಿಕೆಯಿಂದ ಹುಡುಗರು ಹೊಟ್ಟೆನೋವು ಎಂದಷ್ಟೇ ಹೇಳುವುದುಂಟು.

ಇನ್ನೊಂದು ವಿಷಯ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಸ್ಕ್ಯಾನಿಂಗ್ ಕೇಂದ್ರಗಳೆಲ್ಲ ನೋಂದಣಿಯಾಗಿರಬೇಕು. ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಆಯಾ ಊರಿನ ಭಾಷೆಯಲ್ಲಿ ತೂಗುಹಾಕಿರುತ್ತಾರೆ. ‘ಫಾರಂ ಎಫ್’ ಭರ್ತಿ ಮಾಡಬೇಕಾದದ್ದು ಗರ್ಭಿಣಿಯರಿಗೆ. ಮಗುವಿನ ಹೊಟ್ಟೆ ಸ್ಕ್ಯಾನಿಂಗ್‌ಗೆ ಆ ಕಾಗದ ಬೇಕಿಲ್ಲ.

ತುರ್ತಲ್ಲದ ಸ್ಕ್ಯಾನಿಂಗ್‌ಗೆ ಮೂರ್ನಾಲ್ಕು ಗಂಟೆ ಏನೂ ತಿನ್ನಿಸದೆ ಕರೆದೊಯ್ಯುವುದು ರೂಢಿ. ಹೊಟ್ಟೆ ಗಟ್ಟಿಯಾಗಿ ಮಗು ನರಳುತ್ತಿದ್ದರೆ ಅದಕ್ಕಾಗಿ ಕಾಯುವಂತಿಲ್ಲ. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ಏನೂ ತಿನ್ನಿಸದೆ ನೇರ ಹೊರಡುವುದೇ ಲೇಸು.

ಯಂತ್ರದ ಮಿತಿ

ಅಲ್ಟ್ರಾಸೌಂಡ್‌ನಲ್ಲಿ ಮೆಕೆಲ್ ಚೀಲ ಕಾಣಲಿಲ್ಲ ಎಂದರೆ ಇಲ್ಲ ಎಂದು ಹೇಳಲಾಗದು. ಉರಿಯೂತ ಇಲ್ಲದ ಚೀಲ ಸಾಮಾನ್ಯ ಕರುಳಿನ ಸುರುಳಿಯಂತೆಯೇ ಇರುತ್ತದೆ, ಸಿಗುವುದು ಅಪರೂಪ. ಮಗು ಅಳುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮೈ ದಪ್ಪವಿದ್ದರೆ ಇನ್ನೂ ಕಷ್ಟ. ಪ್ರೋಬ್ ಹಿಡಿದವರ ಅನುಭವವೂ ಯಂತ್ರದಷ್ಟೇ ಮುಖ್ಯ.

ನೋವಿಲ್ಲದೆ ರಕ್ತ ಹೋಗುವ ಮಗುವಿಗೆ ಬೇರೆ ಪರೀಕ್ಷೆ ಇದೆ. ಟೆಕ್ನೀಶಿಯಂ-99ಎಂ ಎಂಬ ವಿಕಿರಣ ವಸ್ತುವನ್ನು ರಕ್ತಕ್ಕೆ ಕೊಟ್ಟು ಗಾಮಾ ಕ್ಯಾಮೆರಾದಲ್ಲಿ ನೋಡುವುದು. ಜಠರದ ಅಂಗಾಂಶ ಅದನ್ನು ಹೀರಿಕೊಳ್ಳುವುದರಿಂದ, ಹೊಟ್ಟೆಯ ಕೆಳಗೆ ಎಲ್ಲಾದರೂ ಬೆಳಗಿದರೆ ಚೀಲ ಅಲ್ಲಿದೆ ಎಂದಾಯಿತು. ಈ ವಸ್ತುವಿನ ವಿಕಿರಣ 6 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಎಲ್ಲ ಚೀಲಗಳಲ್ಲೂ ಜಠರದ ಅಂಗಾಂಶ ಇರುವುದಿಲ್ಲ. ಉರಿಯೂತಗೊಂಡ ಚೀಲದಲ್ಲಿ ಈ ಪರೀಕ್ಷೆ ‘ಏನೂ ಇಲ್ಲ’ ಎಂದು ಹೇಳಿಬಿಡಬಹುದು. ಇಂಥ ಕ್ಯಾಮೆರಾ ಇರುವುದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಮಾತ್ರ. ಸ್ಕ್ಯಾನಿಂಗ್ ಯಂತ್ರವಾದರೆ ತಾಲೂಕು ಊರುಗಳಲ್ಲೂ ಸಿಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ತೀರ್ಮಾನ ಆಗದಿದ್ದರೆ, ಮಗು ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುವುದು ತಪ್ಪಲ್ಲ. ವಿಕಿರಣದ ಹೆದರಿಕೆಯಿಂದ ಒಡೆದ ಕರುಳನ್ನು ಬಿಟ್ಟುಕೊಂಡು ಕೂರುವುದು ಜಾಣತನ ಅಲ್ಲ.

ಶಸ್ತ್ರಕ್ರಿಯೆ

ಉರಿಯೂತಗೊಂಡ ಚೀಲಕ್ಕೆ ಚಿಕಿತ್ಸೆ ಅದನ್ನು ತೆಗೆಯುವುದು. ಮೊದಲು ಡ್ರಿಪ್, ಆಂಟಿಬಯಾಟಿಕ್ ಕೊಟ್ಟು ಮಗುವನ್ನು ಸುಧಾರಿಸಿ, ಆಮೇಲೆ ಚೀಲವನ್ನಷ್ಟೇ ಅಥವಾ ಬುಡದ ಕರುಳಿನ ತುಂಡನ್ನೂ ಸೇರಿಸಿ ಕತ್ತರಿಸಿ ಉಳಿದ ಕರುಳನ್ನು ಜೋಡಿಸುತ್ತಾರೆ. ದುರ್ಬೀನಿನ ಮೂಲಕ ಸಣ್ಣ ತೂತಿನಲ್ಲೇ ಇದನ್ನು ಮಾಡಬಹುದು. ಮೊದಲೇ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದ್ದರೆ ಶಸ್ತ್ರವೈದ್ಯರು ಸರಿಯಾದ ಜಾಗದಿಂದ, ಸರಿಯಾದ ತಯಾರಿಯೊಂದಿಗೆ ಒಳಹೋಗುತ್ತಾರೆ. ಅಪೆಂಡಿಕ್ಸ್ ಎಂದುಕೊಂಡೇ ಹೊಟ್ಟೆ ತೆರೆದು, ಅದು ಆರೋಗ್ಯವಾಗಿ ಕಂಡರೆ, ಸಣ್ಣ ಕರುಳಿನ ಕೊನೆಯ ಕೆಲವು ಅಡಿಗಳನ್ನು ಕೈಯಿಂದ ಜಾಡಿಸಿ ಚೀಲ ಇದೆಯೇ ಎಂದು ನೋಡುವುದು ಶಸ್ತ್ರವೈದ್ಯರ ಹಳೆಯ ಶಿಸ್ತು.

ತೊಂದರೆ ಕೊಡದೆ ಆಕಸ್ಮಿಕವಾಗಿ ಕಂಡ ಚೀಲವನ್ನು ತೆಗೆಯಬೇಕೇ ಎಂಬುದಕ್ಕೆ ಒಮ್ಮತವಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ 1950ರಿಂದ 2002ರವರೆಗಿನ ತನ್ನ 1,476 ರೋಗಿಗಳ ದಾಖಲೆ ಪರಿಶೀಲಿಸಿ 2005ರಲ್ಲಿ ಪ್ರಕಟಿಸಿತು. ಅವರಲ್ಲಿ ಚೀಲ ತೊಂದರೆ ಕೊಟ್ಟದ್ದು ಶೇ. 16 ಮಂದಿಗೆ. ಗಂಡಸರು, 50 ವರ್ಷದ ಒಳಗಿನವರು, 2 ಸೆಂಟಿಮೀಟರ್‌ಗಿಂತ ಉದ್ದದ ಚೀಲ ಇರುವವರು, ಚೀಲದೊಳಗೆ ಅಸಹಜ ಅಂಗಾಂಶ ಇರುವವರಲ್ಲಿ ತೊಂದರೆ ಹೆಚ್ಚು ಎಂದು ಅದು ಕಂಡುಕೊಂಡಿತು. ಆಸ್ಪತ್ರೆಗೆ ಬಂದವರ ಲೆಕ್ಕ ಆದ್ದರಿಂದ ಇದನ್ನು ಊರಿನ ಎಲ್ಲರಿಗೂ ಹೊಂದಿಸುವಂತಿಲ್ಲ. ಚೀಲ ಇರುವವರಲ್ಲಿ ಜೀವಮಾನದಲ್ಲಿ ತೊಂದರೆಗೆ ಒಳಗಾಗುವವರು ನೂರಕ್ಕೆ ನಾಲ್ಕರಿಂದ ಆರು ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ತೆಗೆದ ಚೀಲವನ್ನು ಪ್ಯಾಥಾಲಜಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಳಗೆ ಜಠರದ ಅಂಗಾಂಶ ಇತ್ತೇ, ಅದನ್ನು ಪೂರ್ತಿ ತೆಗೆಯಲಾಗಿದೆಯೇ ಎಂಬುದು ಆ ವರದಿಯಲ್ಲಿ ಇರುತ್ತದೆ. ಹೊಲಿಗೆ ಬಿಚ್ಚಿಸಲು ಹೋದಾಗ ಅದನ್ನು ಕೇಳಿ ಪಡೆದು, ಸ್ಕ್ಯಾನಿಂಗ್ ಚಿತ್ರದ ಜತೆ ಕಡತದಲ್ಲಿ ಇಡಬೇಕು. ಮುಂದೆ ಮಗುವಿಗೆ ಹೊಟ್ಟೆನೋವು ಬಂದು ಬೇರೆ ಊರಿನ, ಬೇರೆ ರಾಜ್ಯದ ಆಸ್ಪತ್ರೆಗೆ ಹೋದರೂ ಅಲ್ಲಿನವರು ಮೊದಲು ಕೇಳುವ ಕಾಗದ ಅದೇ.